ನಾಯಿಗೆ ಊಟ ಹಾಕುವವರು ಎಷ್ಟು ಮಂದಿ?

ಮೈಸೂರಿನಲ್ಲಿ ಸಾಕುಪ್ರಾಣಿಗಳ ಚಿಕಿತ್ಸಾಲಯ ನಡೆಸುವ ನನ್ನ ಬಳಿಗೆ ಕೆಲವು ವರ್ಷಗಳ ಹಿಂದೆ ಐದು ವರ್ಷದ ಗಂಡು ಲ್ಯಾಬ್ರಡಾರ್ ರಿಟ್ರೀವರ್ ಒಂದನ್ನು, ಹಿಂಗಾಲು ಕುಂಟುತ್ತಿದೆಯೆಂದು ಕರೆತಂದರು. ತೂಕ 46 ಕಿಲೋ ಇತ್ತು. ಈ ತಳಿಯ ಗಂಡುನಾಯಿಗೆ 29ರಿಂದ 36 ಕಿಲೋ ಸಾಕು. ಪಕ್ಕೆಯ ಮೇಲೆ ಅಂಗೈಯಾಡಿಸಿದರೆ ಎಲುಬುಗಳು ಬೆರಳಿಗೆ ಸಿಗಬೇಕು. ಇದರ ಮೈಯಲ್ಲಿ ಒತ್ತಿ ಹುಡುಕಿದರೂ ಸಿಗಲಿಲ್ಲ. ಎಕ್ಸ್‌ರೇಯಲ್ಲಿ ಸೊಂಟದ ಕೀಲು ಸವೆದಿರುವುದು ಕಂಡಿತು. ನೋವಿಗೆ ಔಷಧಿ ಬರೆದು, ದಿನಕ್ಕೆ ಇಷ್ಟೇ ಗ್ರಾಂ ಆಹಾರವೆಂದು ಚೀಟಿ ಕೊಟ್ಟೆ. ಮೂರು ತಿಂಗಳ ನಂತರ ತೂಗಿದರೆ 47 ಕಿಲೋ! ಥೈರಾಯ್ಡ್ ಪರೀಕ್ಷೆಯಲ್ಲೂ ದೋಷ ಕಾಣಲಿಲ್ಲ. ಯಜಮಾನರು ಸುಳ್ಳು ಹೇಳುತ್ತಿದ್ದಾರೆಂದು ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟೆ.

ಅವರು ಹೇಳಿದ್ದು ನಿಜವೇ ಆಗಿತ್ತೆಂದು ತಿಳಿದದ್ದು, ರೇಬಿಸ್ ಲಸಿಕೆ ಹಾಕಲು ಒಂದು ಬೆಳಿಗ್ಗೆ ಅವರ ಮನೆಗೆ ಹೋದಾಗ. ಯಜಮಾನರು ಚೀಟಿಯಂತೆಯೇ ಅಳೆದು ಹಾಕುತ್ತಿದ್ದರು. ಆದರೆ ನಾನು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಅಜ್ಜಿ ತುಪ್ಪ ಸವರಿದ ದೋಸೆಯ ಅಂಚನ್ನು ಕೊಟ್ಟರು, ಮೊಮ್ಮಗ ಎರಡು ಬಿಸ್ಕತ್ತು ಕೊಟ್ಟ, ಕೆಲಸದಾಕೆ ಹಾಲಿನ ಪಾತ್ರೆಯನ್ನು ನೆಕ್ಕಲು ಇಟ್ಟಳು. ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. "ಪಾಪ, ಬಾಯಿಲ್ಲದ ಪ್ರಾಣಿ, ಹಾಗೆ ನೋಡ್ತಾ ಕೂತ್ರೆ ನಮಗೆ ತುತ್ತು ಇಳಿಯತ್ತಾ ಡಾಕ್ಟ್ರೇ?" ಎಂದರು ಅಜ್ಜಿ.

ಆ ನೋಟದ ಹಿಂದೆ ನಟನೆಯಷ್ಟೇ ಇಲ್ಲ. ಲ್ಯಾಬ್ರಡಾರ್‌ಗಳಲ್ಲಿ ಸುಮಾರು ಕಾಲು ಭಾಗಕ್ಕೆ ಹಸಿವನ್ನು ಹಿಡಿತದಲ್ಲಿಡುವ ಪಿಒಎಂಸಿ ಎಂಬ ಜೀನಿನ ಒಂದು ತುಣುಕೇ ಇಲ್ಲವೆಂದು ಕೇಂಬ್ರಿಡ್ಜ್‌ನ ಸಂಶೋಧಕರು 2016ರಲ್ಲಿ ತೋರಿಸಿದರು. ಅಂಗವಿಕಲರ ನೆರವಿಗೆ ತರಬೇತಾದ ಲ್ಯಾಬ್ರಡಾರ್‌ಗಳಲ್ಲಿ ಈ ಕೊರತೆ ಮುಕ್ಕಾಲು ಭಾಗದಷ್ಟರಲ್ಲಿ ಕಂಡುಬಂದಿತು. ಬೇಟೆಯಲ್ಲಿ ಬಿದ್ದ ಹಕ್ಕಿಯನ್ನು ಹಲ್ಲು ತಾಗಿಸದೆ ಹೊತ್ತು ತರಲೆಂದು ಬೆಳೆಸಿದ ಈ ನಾಯಿ ಮಕ್ಕಳೊಡನೆ ಮೃದುವಾಗಿರುತ್ತದೆ, ಒಂದು ತುಣುಕು ತಿಂಡಿಗೆ ಹೇಳಿದ್ದನ್ನೆಲ್ಲ ಕಲಿಯುತ್ತದೆ. ಕಲಿಸಲು ಸುಲಭವಾಗಿಸುವ ಆ ಆಸೆಬುರುಕುತನವೇ ಅದನ್ನು ಕುಂಟಿಸುತ್ತದೆ ಕೂಡ. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಶೇಕಡಾ 25ರಷ್ಟು ಕಡಿಮೆ ಆಹಾರ ಕೊಟ್ಟು ಜೀವನಪರ್ಯಂತ ಗಮನಿಸಿದಾಗ, ಕಡಿಮೆ ತಿಂದವುಗಳಲ್ಲಿ ಅರ್ಧದಷ್ಟು 13 ವರ್ಷದವರೆಗೆ ಬದುಕಿದವು, ಉಳಿದವುಗಳಲ್ಲಿ ಅರ್ಧದಷ್ಟು 11.2 ವರ್ಷದವರೆಗೆ ಮಾತ್ರ, ಕೀಲುನೋವು ಕೂಡ ತಡವಾಗಿ ಬಂದಿತು.

ಅಂದಿನಿಂದ "ಎಷ್ಟು ಹಾಕುತ್ತೀರಿ?" ಎಂದು ಕೇಳುವುದನ್ನು ಬಿಟ್ಟು "ಯಾರು ಯಾರು ಹಾಕುತ್ತೀರಿ?" ಎಂದು ಕೇಳತೊಡಗಿದೆ. ಬೇಸಿಗೆಯಲ್ಲಿ ಕೂದಲು ಬೋಳಿಸಬೇಡಿ, ನಡಿಗೆಯನ್ನು ಬಿಸಿಲೇರುವ ಮೊದಲೇ ಮುಗಿಸಿ, ಸ್ನಾನದ ನಂತರ ಜೋಲುಕಿವಿಯನ್ನು ಒರೆಸಿ, ಕಾಲ್ಬೆರಳುಗಳ ಸಂದಿಯಲ್ಲಿ ಉಣ್ಣಿಹುಳು ಹುಡುಕಿ ಎಂಬುದನ್ನೆಲ್ಲ ಈಗಲೂ ಹೇಳುತ್ತೇನೆ, ಆದರೆ ಅವೆಲ್ಲ ಎರಡನೆಯ ಮಾತು. ಆ ಮನೆಯಲ್ಲಿ ಒಂದು ಸ್ಟೀಲ್ ಡಬ್ಬಿ ಇಡಿಸಿದೆ. ಇಡೀ ದಿನದ ಪಾಲು ಬೆಳಿಗ್ಗೆಯೇ ಅದರೊಳಗೆ ಬೀಳಬೇಕು, ಯಾರೇ ಕೊಟ್ಟರೂ ಅದರಿಂದಲೇ ಕೊಡಬೇಕು, ಡಬ್ಬಿ ಖಾಲಿಯಾದರೆ ಮರುದಿನವೇ.

ಹತ್ತು ತಿಂಗಳಲ್ಲಿ ತೂಕ 37 ಕಿಲೋಗೆ ಇಳಿಯಿತು. ಅಜ್ಜಿ ಮಾತ್ರ ಒಂದು ರಿಯಾಯಿತಿ ಕೇಳಿ ಪಡೆದರು: ಬೆಳಿಗ್ಗೆ ಡಬ್ಬಿಯಿಂದ ಒಂದು ಹಿಡಿ ಆಹಾರವನ್ನು ತಾವೇ ತೆಗೆದಿಟ್ಟು, ಅದರ ಬದಲಿಗೆ ತುಪ್ಪ ಸವರದ ಕಾಲು ಚಪಾತಿಯನ್ನು ಸಂಜೆ ತಮ್ಮ ಕೈಯಾರೆ ತಿನ್ನಿಸುತ್ತಾರೆ.