ಪೊಲೀಸ್ ಆಗಿದ್ದವರು ಮೇಯರ್ ಆದರೆ ಊರು ನೆಟ್ಟಗಾಗುತ್ತಾ?

ನಾನು ಪೊಲೀಸ್ ಇಲಾಖೆಯಿಂದ ನಿವೃತ್ತಿಯಾದ ಮೇಲೆ ಜನ ಕೇಳುವುದು ಒಂದೇ ಪ್ರಶ್ನೆ. ಶಿವಮೊಗ್ಗದ ಗೋಪಿ ಸರ್ಕಲ್ ಹತ್ತಿರ ಟೀ ಕುಡಿಯುತ್ತಾ ನಿಂತರೆ ಯಾರಾದರೂ ಶುರು ಮಾಡುತ್ತಾರೆ: "ಸಾರ್, ಪಾಲಿಕೆ ಎಲೆಕ್ಷನ್‌ಗೆ ನಿಲ್ಲಿ. ಪೊಲೀಸ್ನೋರು ಮೇಯರ್ ಆದ್ರೆ ಊರು ಒಂದೇ ತಿಂಗಳಲ್ಲಿ ನೆಟ್ಟಗಾಗುತ್ತೆ, ಅಲ್ವಾ?"

ಇಲ್ಲ. ಯಾಕೆ ಅಂದರೆ ನಾನು ಟಾಮ್ ಬ್ರಾಡ್ಲಿ ಅವರ ಕತೆ ಹೇಳುತ್ತೇನೆ.

ಅಮೆರಿಕದ ಲಾಸ್ ಏಂಜಲೀಸ್‌ಗೆ 1973ರಿಂದ 1993ರವರೆಗೆ, ಸತತ 20 ವರ್ಷ ಮೇಯರ್ ಆಗಿದ್ದವರು ಅವರು. ಹುಟ್ಟಿದ್ದು 1917ರಲ್ಲಿ, ಟೆಕ್ಸಾಸ್‌ನ ಒಂದು ಕಪ್ಪು ಕುಟುಂಬದಲ್ಲಿ. ಅಪ್ಪ ಅಮ್ಮ ಬೇರೆಯವರ ಹೊಲವನ್ನು ಪಾಲಿಗೆ ಮಾಡುತ್ತಿದ್ದರು. ಕಾಗೋಡಿನ ಗೇಣಿ ರೈತರ ಹೋರಾಟ ನೆನಪಿರುವ ಸಾಗರದ ಕಡೆಯವರಿಗೆ ಆ ಬದುಕನ್ನು ಬಿಡಿಸಿ ಹೇಳಬೇಕಿಲ್ಲ.

1940ರಲ್ಲಿ ಲಾಸ್ ಏಂಜಲೀಸ್ ಪೊಲೀಸ್ ಸೇರಿದರು. ಆಗ ಅಲ್ಲಿ ಕಪ್ಪು ಪೊಲೀಸರನ್ನೂ ಬಿಳಿ ಪೊಲೀಸರನ್ನೂ ಒಂದೇ ಕಾರಿನಲ್ಲಿ ಗಸ್ತಿಗೆ ಕಳಿಸುತ್ತಿರಲಿಲ್ಲ. ಗಸ್ತು ಅಂದರೆ ಏನು ಅಂತ ನನಗೆ ಗೊತ್ತು. ಆಷಾಢದ ಮಳೆಯಲ್ಲಿ, ರಾತ್ರಿ ಎರಡು ಗಂಟೆಗೆ, ರೈನ್‌ಕೋಟಿನ ಒಳಗೂ ನೀರು ಇಳಿದಿರುವಾಗ, ಫ್ಲಾಸ್ಕಿನಲ್ಲಿ ಉಳಿದ ಟೀಯನ್ನು ಜೊತೆಗಾರನೂ ನಾನೂ ಒಂದೇ ಮುಚ್ಚಳದಲ್ಲಿ ಕುಡಿದಿದ್ದೇವೆ. ಇವನ ಪಕ್ಕ ನೀನು ಕೂರಬೇಡ ಅಂತ ಇಲಾಖೆಯೇ ಹೇಳಿದರೆ ಹೇಗಾಗುತ್ತೆ?

ಬ್ರಾಡ್ಲಿ ಕೆಲಸದ ಜೊತೆಗೇ ರಾತ್ರಿ ಕಾನೂನು ಓದಿದರು. ಲೆಫ್ಟಿನೆಂಟ್ ಆದರು. ಅದರ ಮೇಲೆ ದಾರಿ ಕಾಣಲಿಲ್ಲ. ಇಲಾಖೆ ಬಿಟ್ಟು ವಕೀಲರಾದರು. 1963ರಲ್ಲಿ ನಗರದ ಕೌನ್ಸಿಲ್‌ಗೆ ಗೆದ್ದರು. 1969ರಲ್ಲಿ ಮೇಯರ್ ಸ್ಥಾನಕ್ಕೆ ನಿಂತಾಗ ಎದುರಾಳಿ ಸ್ಯಾಮ್ ಯಾರ್ಟಿ, ಇವರು ಪೊಲೀಸ್ ವಿರೋಧಿ ಅಂತ ಪ್ರಚಾರ ಮಾಡಿದರು. ಇಪ್ಪತ್ತು ವರ್ಷ ಯೂನಿಫಾರಂ ಹಾಕಿದ ಮನುಷ್ಯನಿಗೆ ಆ ಮಾತು! ಸೋತರು. ನಾಲ್ಕು ವರ್ಷ ಬಿಟ್ಟು ಅದೇ ಯಾರ್ಟಿಯನ್ನು ಸೋಲಿಸಿದರು.

ಅವರ ಕಾಲದಲ್ಲೇ 1984ರ ಒಲಿಂಪಿಕ್ಸ್ ಅಲ್ಲಿ ನಡೆಯಿತು. ಆದರೆ ಅವರ ಮಾತು ನಡೆಯದೇ ಹೋದದ್ದು ತಾವೇ ದುಡಿದ ಪೊಲೀಸ್ ಇಲಾಖೆಯಲ್ಲಿ. 1991ರಲ್ಲಿ ರಾಡ್ನಿ ಕಿಂಗ್ ಎಂಬ ಕಪ್ಪು ಮನುಷ್ಯನನ್ನು ಪೊಲೀಸರು ಬಡಿದ ವಿಡಿಯೊ ಹೊರಬಿತ್ತು. ರಾಜೀನಾಮೆ ಕೊಡಿ ಎಂದು ಬ್ರಾಡ್ಲಿ ಪೊಲೀಸ್ ಮುಖ್ಯಸ್ಥ ಡ್ಯಾರಿಲ್ ಗೇಟ್ಸ್‌ಗೆ ಹೇಳಿದರು. ಗೇಟ್ಸ್ ಒಪ್ಪಲಿಲ್ಲ. ಅವರನ್ನು ಸುಮ್ನೆ ತೆಗೆದುಹಾಕುವ ಅಧಿಕಾರ ಮೇಯರ್‌ಗೆ ಇರಲಿಲ್ಲ. ಮರುವರ್ಷ ಆ ಪೊಲೀಸರು ಖುಲಾಸೆಯಾದರು ಅಂತ ಸುದ್ದಿ ಬಂದಾಗ ಊರು ಹತ್ತಿ ಉರಿಯಿತು. 50ಕ್ಕೂ ಹೆಚ್ಚು ಜನ ಸತ್ತರು. ಆಮೇಲೆ, 1992ರ ಜೂನ್‌ನಲ್ಲಿ, ಜನರೇ ಮತ ಹಾಕಿ ಪೊಲೀಸ್ ಮುಖ್ಯಸ್ಥರ ಅವಧಿಗೆ ಮಿತಿ ಹಾಕಿದರು.

ನಮ್ಮಲ್ಲಂತೂ ಜಿಲ್ಲೆಯ ಪೊಲೀಸರು ಎಸ್‌ಪಿ ಕೈಕೆಳಗೆ. ಮೇಯರ್ ಮುಂದಿರುವುದು ಚರಂಡಿ, ಕಸ, ಬೀದಿದೀಪ. ನಮ್ಮ ಬೀದಿಯಲ್ಲಿ ಒಬ್ಬ ಹೆಣ್ಣುಮಗಳಿದ್ದಾರೆ. ಯಾವ ಕ್ರಾಸಿಗೆ ಎಷ್ಟು ಹೊತ್ತಿಗೆ ನಲ್ಲಿ ನೀರು ಬರುತ್ತೆ, ಯಾವ ಮೋರಿ ಮೊದಲ ಮಳೆಗೇ ಕಟ್ಟಿಕೊಳ್ಳುತ್ತೆ, ಎಲ್ಲಾ ಬಾಯಿಪಾಠ. ಅವರನ್ನು ನಿಲ್ಲಿಸಿ. ನಾನು ಮನೆಮನೆಗೆ ಬಂದು ಓಟು ಕೇಳುತ್ತೇನೆ.