ಕಾಗೆಯನ್ನೂ ಬರೆದಿಡಿ

ಹೋದ ಭಾನುವಾರ ಊರಿಗೆ ಹೋಗಿದ್ದೆ. ಬೆಳಿಗ್ಗೆ ಆರೂವರೆಗೆ ಅಪ್ಪನ ಜೊತೆ ತೋಟಕ್ಕೆ ಹೊರಟೆ. ತಿಪಟೂರಿನ ಹತ್ತಿರ ನಮ್ಮೂರು. ತೆಂಗಿನ ತೋಟ, ಅದರ ಪಕ್ಕ ಒಂದು ಸಣ್ಣ ಕಟ್ಟೆ, ಆಚೆಗೆ ಕೊಯ್ಲು ಮುಗಿದ ರಾಗಿ ಹೊಲ. ಕಂಡ ಹಕ್ಕಿಗಳ ಪಟ್ಟಿ ಬರೆದು ಕಳಿಸುವ ಇ-ಬರ್ಡ್ ಆ್ಯಪ್ ಫೋನಿನಲ್ಲಿ ತೆರೆದು ಅರ್ಧ ಗಂಟೆ ನಿಧಾನಕ್ಕೆ ಸುತ್ತಿದೆವು. ಕಾಗೆ 14, ಗೊರವಂಕ 9, ಬೆಳ್ಳಕ್ಕಿ 6, ಪಿಕಳಾರ 4, ಟಿಟ್ಟಿಭ 2, ಕೆಂಬೂತ 1. ನಾನು ಒಂದೊಂದೇ ಬರೆಯುತ್ತಿದ್ದದ್ದನ್ನು ನೋಡಿ ಅಪ್ಪ ಕೇಳಿದರು, "ಕಾಗೇನೂ ಬರೀತೀಯಾ ಮಗಾ?"

ಹೌದು, ಕಾಗೆಯನ್ನೂ ಬರೆಯಬೇಕು. ಯಾಕೆ ಅಂತ ಅಪ್ಪನಿಗೆ ಅಲ್ಲೇ ಬದುವಿನ ಮೇಲೆ ಕೂತು ಹೇಳಿದೆ. ಅದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಆ್ಯಪ್‌ನಲ್ಲಿ ಪಟ್ಟಿ ಕಳಿಸುವ ಮುಂಚೆ ಒಂದು ಪ್ರಶ್ನೆ ಬರುತ್ತದೆ: ನಿಮಗೆ ಗುರುತು ಸಿಕ್ಕ ಎಲ್ಲಾ ಹಕ್ಕಿಗಳನ್ನೂ ಇದರಲ್ಲಿ ಬರೆದಿದ್ದೀರಾ? ಹೌದು ಅಂದರೆ ಅದು ಪೂರ್ತಿ ಪಟ್ಟಿ. ಈ ಒಂದು 'ಹೌದು'ಗೆ ತುಂಬಾ ಬೆಲೆ ಇದೆ. ಪೂರ್ತಿ ಪಟ್ಟಿಯಲ್ಲಿ ಒಂದು ಹಕ್ಕಿಯ ಹೆಸರಿಲ್ಲ ಅಂದರೆ, ಅವತ್ತು ಅಲ್ಲಿ ಹುಡುಕಿದವರ ಕಣ್ಣಿಗೆ, ಕಿವಿಗೆ ಅದು ಸಿಕ್ಕಲಿಲ್ಲ ಅಂತ ಅರ್ಥ. ಒಂದು ಸೀಮೆಯಿಂದ ಬಂದ ನೂರು ಪಟ್ಟಿಗಳಲ್ಲಿ ಮೊದಲು ಮೂವತ್ತರಲ್ಲಿ ಕಾಣುತ್ತಿದ್ದ ಹಕ್ಕಿ ಕೆಲವು ವರ್ಷಗಳ ನಂತರ ಹದಿನೈದರಲ್ಲಿ ಮಾತ್ರ ಕಾಣಿಸಿದರೆ ಏನೋ ಆಗುತ್ತಿದೆ ಅಂತ ಗೊತ್ತಾಗುತ್ತದೆ. ಕಾಡಿಗೆ ಹೋದಾಗ ಕಂಡ ಅಪರೂಪದ ಹಕ್ಕಿಯನ್ನಷ್ಟೇ ಬರೆದು, ಕಾಗೆ ಗೊರವಂಕ ಬಿಟ್ಟರೆ ಈ ಲೆಕ್ಕ ಕೂಡುವುದೇ ಇಲ್ಲ.

ಹೀಗೆ ಸೇರಿದ ಪಟ್ಟಿಗಳಿಂದಲೇ 2023ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿಯ ದೊಡ್ಡ ವರದಿ ಬಂತು. ಸುಮಾರು 30,000 ಜನ ಕೊಟ್ಟ 3 ಕೋಟಿ ದಾಖಲೆಗಳು, 942 ಜಾತಿ ಹಕ್ಕಿಗಳು. ಇವರಲ್ಲಿ ಹೆಚ್ಚಿನವರು ವಿಜ್ಞಾನಿಗಳಲ್ಲ. ಮೇಷ್ಟ್ರು, ಬ್ಯಾಂಕಿನವರು, ಕಾಲೇಜು ಹುಡುಗರು, ಮನೆಯ ತಾರಸಿ ಮೇಲೆ ನಿಂತು ಎಣಿಸಿದವರು. ನವಿಲು ಜಾಸ್ತಿಯಾಗುತ್ತಿದೆ ಅಂತ ಆ ವರದಿ ಹೇಳುತ್ತದೆ, ಅದು ನಮ್ಮ ರೈತರಿಗೆ ಯಾರೂ ಹೇಳಬೇಕಾಗಿಲ್ಲ ಬಿಡಿ. ಆದರೆ ನೀಲಕಂಠ ಕಡಿಮೆಯಾಗುತ್ತಿದೆ. ನಮ್ಮ ರಾಜ್ಯದ ಹಕ್ಕಿ! ಎಷ್ಟು ಕಡಿಮೆ ಅಂದರೆ, ಅಪಾಯದಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಯಲ್ಲಿ ಅದರ ಸ್ಥಾನವನ್ನು ಮತ್ತೆ ಪರಿಶೀಲಿಸಬೇಕು ಅಂತ ವರದಿ ಸೂಚಿಸಿದೆ.

ಇದನ್ನು ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಮುಂಚೆ ಈ ಲೈನ್ ತಂತಿ ಮೇಲೆ ದಿನಾ ಕೂತಿರೋದು, ನಾನೂ ನೋಡಿ ತುಂಬಾ ದಿನ ಆಯ್ತು" ಅಂದರು. ನನಗೆ ಬೇಜಾರಾಗಿದ್ದು ಅಲ್ಲೇ. ಅಪ್ಪನ ಆ ನೆನಪು ಯಾವ ನಕ್ಷೆಯಲ್ಲೂ ಇಲ್ಲ. ಎಂಬತ್ತರ ದಶಕದಲ್ಲಿ ನಮ್ಮ ತೋಟದ ತಂತಿ ಮೇಲೆ ಎಷ್ಟು ನೀಲಕಂಠ ಇದ್ದವು ಅಂತ ಯಾರೂ ಬರೆದಿಡಲಿಲ್ಲ. ಇನ್ನು ಮೇಲಾದರೂ ಬರೆದಿಡಬಹುದು ಅಲ್ವಾ?

ಇ-ಬರ್ಡ್‌ನಲ್ಲಿ ಕರ್ನಾಟಕದ ನಕ್ಷೆ ತೆರೆದರೆ ಬೆಂಗಳೂರು, ಮೈಸೂರು, ಮಲೆನಾಡಿನ ಸುತ್ತ ಒತ್ತಾಗಿ ದಾಖಲೆಗಳಿವೆ. ಮೈಸೂರಿನವರಂತೂ 2014ರಿಂದ 2016ರವರೆಗೆ ಊರನ್ನೇ ಚೌಕ ಚೌಕವಾಗಿ ಭಾಗ ಮಾಡಿಕೊಂಡು ಹಕ್ಕಿಗಳ ಅಟ್ಲಾಸ್, ಅಂದರೆ ಯಾವ ಹಕ್ಕಿ ಎಲ್ಲೆಲ್ಲಿದೆ ಅಂತ ತೋರಿಸುವ ನಕ್ಷೆಗಳ ಸಂಗ್ರಹ, ಮಾಡಿದರು. ಕೇರಳದವರು 2015ರಿಂದ 2020ರವರೆಗೆ ಇಡೀ ರಾಜ್ಯಕ್ಕೇ ಅಂಥದ್ದೊಂದು ಅಟ್ಲಾಸ್ ಮಾಡಿದರು, ವರ್ಷಕ್ಕೆ ಎರಡು ಸಲ, ಸಾವಿರಕ್ಕೂ ಜಾಸ್ತಿ ಸ್ವಯಂಸೇವಕರು. ನಮ್ಮ ಬಯಲುಸೀಮೆಯ ಹಳ್ಳಿಗಳು, ಉತ್ತರದ ಒಣ ಜಿಲ್ಲೆಗಳ ಕಡೆ ಬಂದರೆ ನಕ್ಷೆ ತೆಳುವಾಗುತ್ತದೆ. ಅಲ್ಲಿ ಹಕ್ಕಿಗಳಿವೆ, ಬರೆಯುವವರು ಕಡಿಮೆ. ಹೊಲ, ಗೋಮಾಳ, ಕೆರೆ ಏರಿ, ಇವೇ ನೀಲಕಂಠದಂಥ ಹಕ್ಕಿಗಳ ಜಾಗ. ಅಲ್ಲಿಂದಲೇ ಪಟ್ಟಿ ಬರದಿದ್ದರೆ ಹೇಗೆ?

ತಪ್ಪಾಗುತ್ತದೆ ಅಂತ ಹೆದರಿ ಬರೆಯದೆ ಕೂರುವವರು ತುಂಬಾ ಜನ ಇದ್ದಾರೆ. ನನಗೂ ತಪ್ಪಾಗಿದೆ. ಶುರುವಿನಲ್ಲಿ ಒಂದು ಹದ್ದನ್ನು ಯಾವುದೋ ಅಪರೂಪದ ಗಿಡುಗ ಅಂತ ಬರೆದು ಕಳಿಸಿದ್ದೆ. ಎರಡು ದಿನಕ್ಕೆ ಪಟ್ಟಿಗಳನ್ನು ಪರಿಶೀಲಿಸುವ ಸ್ವಯಂಸೇವಕರೊಬ್ಬರಿಂದ ಮೇಲ್ ಬಂತು. ಫೋಟೋ ಇದೆಯಾ, ಬಾಲದ ತುದಿ ಹೇಗಿತ್ತು ಅಂತ ಬಹಳ ಸಮಾಧಾನದಿಂದ ಕೇಳಿದ್ದರು. ಫೋಟೋ ಮತ್ತೆ ನೋಡಿದೆ. ಹದ್ದಿನ ಗುರುತಾದ ಸೀಳು ಬಾಲದ ನಡುವೆ ಸ್ಪಷ್ಟವಾಗಿ ಕಾಣುತ್ತಿತ್ತು. ತಿದ್ದಿದೆ. ಅವತ್ತಿನಿಂದ ಹಾರುವ ಹದ್ದಿನ ಬಾಲ ನೋಡದೆ ನಾನು ಹೆಸರು ಬರೆದಿಲ್ಲ. ಗುರುತು ಸಿಗದ ಹಕ್ಕಿಯನ್ನು ಊಹೆ ಮಾಡಿ ಬರೆಯಬೇಡಿ, ಬಿಟ್ಟುಬಿಡಿ. ಮರ್ಲಿನ್ ಆ್ಯಪ್ ಕೂಗು ಕೇಳಿ ಹೆಸರು ಹೇಳುತ್ತದೆ, ಒಳ್ಳೆಯದೇ, ಆದರೆ ಅದು ಹೇಳಿದ್ದನ್ನು ನೀವೇ ನೋಡಿ ಅಥವಾ ಕೇಳಿ ಖಾತ್ರಿ ಮಾಡಿಕೊಳ್ಳಿ.

ಇನ್ನೊಂದು ಮಾತು. ಗೂಡಿನ ಫೋಟೋ, ಗೂಬೆ ಕೂರುವ ಮರ, ಇಂಥವನ್ನು ಜಾಗದ ಸಮೇತ ವಾಟ್ಸಾಪ್ ಗುಂಪಿಗೆ ದಯವಿಟ್ಟು ಹಾಕಬೇಡಿ. ಗಿಡ, ಪ್ರಾಣಿ ಎಲ್ಲವನ್ನೂ ದಾಖಲಿಸುವ ಐ-ನ್ಯಾಚುರಲಿಸ್ಟ್ ಆ್ಯಪ್‌ನಲ್ಲಿ ಅಪಾಯದಲ್ಲಿರುವ ಪ್ರಾಣಿಗಳ ನಿಖರ ಜಾಗವನ್ನು ಬೇರೆಯವರಿಗೆ ಕಾಣದ ಹಾಗೆ ಮಸುಕು ಮಾಡುತ್ತಾರೆ, ಇ-ಬರ್ಡ್‌ನಲ್ಲೂ ಕೆಲವು ಹಕ್ಕಿಗಳಿಗೆ ಅಂಥ ಮರೆ ಇದೆ. ವಾಟ್ಸಾಪ್‌ನಲ್ಲಿ ಆ ಮರೆ ಇಲ್ಲ.

ಶುರು ಮಾಡಲು ಫೆಬ್ರವರಿ ಒಳ್ಳೆಯ ಸಮಯ. ಪ್ರತಿ ವರ್ಷ ಆಗ ನಾಲ್ಕು ದಿನ ಪ್ರಪಂಚದ ತುಂಬಾ ಜನ ಮನೆಯ ಸುತ್ತಮುತ್ತಲ ಹಕ್ಕಿ ಎಣಿಸುತ್ತಾರೆ. ಒಂದು ಪಟ್ಟಿಗೆ ಹದಿನೈದು ನಿಮಿಷ ಸಾಕು. ವಲಸೆ ಬಂದ ಸಿಪಿಲೆಗಳೂ ಆಗ ಇನ್ನೂ ಹೊಲಗಳಲ್ಲಿ ಬಾಲ ಕುಣಿಸುತ್ತಿರುತ್ತವೆ.

ಅಪ್ಪನ ಫೋನಿಗೂ ಆ್ಯಪ್ ಹಾಕಿಕೊಟ್ಟು ಬಂದೆ. ಬುಧವಾರ ಅವರ ಮೊದಲ ಪಟ್ಟಿ ಬಂತು. ಹನ್ನೊಂದು ಜಾತಿ, ಕಾಗೆ 22. ನೀಲಕಂಠ ಇಲ್ಲ. ಸಂಜೆ ಫೋನ್ ಮಾಡಿ, "ನಾಳೆ ಆಚೆ ಹೊಲದ ಲೈನ್ ಕಡೆ ಹೋಗಿ ನೋಡ್ತೀನಿ" ಅಂದರು.