ಮೊದಲ ಹಣ ಕೈಗೆ ಬರುವವರೆಗೆ

18 ಜೂನ್ 2025, ಬುಧವಾರ
ಗೋರೆಗಾಂವ್, ಮುಂಬಯಿ

ಚಿಕ್ಕಮ್ಮ ಫೋನಿನಲ್ಲಿ ಹೇಳಿದ್ದ ಧಾರವಾಡದ ಹುಡುಗ ಇಂದು ಸಂಜೆ ಮನೆಗೆ ಬಂದಿದ್ದ. ಮಳೆಯಿಂದಾಗಿ ನಾಯಗಾಂವ್‌ನ ನಮ್ಮ ಧಾರಾವಾಹಿಯ ಸೆಟ್ಟಿನಲ್ಲಿ ಅಂಗಳದ ದೃಶ್ಯಗಳು ರದ್ದಾಗಿ ನಮ್ಮನ್ನು ಬೇಗ ಬಿಟ್ಟಿದ್ದರಿಂದ ಅವನೊಡನೆ ಸಾವಧಾನವಾಗಿ ಮಾತನಾಡಲು ಸಾಧ್ಯವಾಯಿತು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಆಯ್ಕೆಯಾಗದೆ, ಮತ್ತೊಂದು ವರ್ಷ ಕಾಯಲು ಮನಸ್ಸಾಗದೆ ಅವನು ನೇರವಾಗಿ ಇಲ್ಲಿಗೇ ಬಂದಿದ್ದಾನೆ. ಕ್ಯಾಮೆರಾ ವಿಭಾಗದಲ್ಲಿ ಕೆಲಸ ಕಲಿಯಬೇಕೆಂಬುದೊಂದೇ ಅವನ ಹಂಬಲ.

"ಅಕ್ಕಾ, ಒಬ್ಬರು ಕಾರ್ಡ್ ಮಾಡಿಸಿ ಸೀರಿಯಲ್‌ನಾಗ ಹಚ್ಚತೀನಿ ಅಂದಾರ. ಮೊದಲ ಐವತ್ತು ಸಾವಿರ ಕೊಡಬೇಕಂತ. ಅಪ್ಪಗ ಕೇಳಲೇನು?" ಎಂದ.

ಒಂದು ಪೈಸೆಯನ್ನೂ ಕೊಡಬೇಡವೆಂದು ಅಲ್ಲಿಯೇ ಹೇಳಿದೆ. ಕ್ಯಾಮೆರಾ, ಧ್ವನಿ, ಕಲೆ ಹೀಗೆ ಒಂದೊಂದು ಕೆಲಸಕ್ಕೂ ಒಂದೊಂದು ಸಂಘವಿದೆ, ಕಾರ್ಡ್ ಎಂದರೆ ಅದರ ಸದಸ್ಯತ್ವ, ಅದಕ್ಕೆ ಶುಲ್ಕವೂ ಇದೆ. ಆದರೆ ಅದನ್ನು ಸಂಘದ ಕಚೇರಿಯಲ್ಲಿಯೇ ಕಟ್ಟಿ ರಸೀದಿ ಪಡೆಯಬೇಕೇ ಹೊರತು ವರ್ಸೋವಾದ ಚಹಾ ಅಂಗಡಿಯಲ್ಲಿ ಪರಿಚಯವಾದವರ ಕೈಗೆ ಕೊಡಬಾರದು. ಇಂಥವರಿಂದಾಗಿ ಹೊಲ ಅಡವಿಟ್ಟು ಬಂದ ಹುಡುಗರು ಬರಿಗೈಯಲ್ಲಿ ಊರಿಗೆ ಮರಳಿದ್ದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ನನಗೆ ತಿಳಿದ ದಾರಿಯೆಂದರೆ ಕ್ಯಾಮೆರಾ ಬಾಡಿಗೆಗೆ ಕೊಡುವ ಅಂಗಡಿಗಳು. ಅಲ್ಲಿಂದ ಕ್ಯಾಮೆರಾ ಹೊರಡುವಾಗ ಅದರೊಂದಿಗೆ ಅಟೆಂಡೆಂಟ್ ಕೂಡ ಸೆಟ್ಟಿಗೆ ಬರುತ್ತಾನೆ. ಲೆನ್ಸ್ ಒರೆಸುವುದು, ಬ್ಯಾಟರಿ ಚಾರ್ಜ್ ಮಾಡುವುದು, ರಾತ್ರಿ ಪೆಟ್ಟಿಗೆ ತುಂಬುವಾಗ ಪ್ರತಿಯೊಂದು ವಸ್ತುವನ್ನೂ ಎಣಿಸಿಡುವುದು ಅವನ ಕೆಲಸ. ಛಾಯಾಗ್ರಾಹಕರು ಯಾವ ದೃಶ್ಯಕ್ಕೆ ಯಾವ ಲೆನ್ಸ್ ಕೇಳುತ್ತಾರೆ, ಏಕೆ ಕೇಳುತ್ತಾರೆ ಎಂಬುದನ್ನು ಗಮನಿಸುತ್ತಲೇ ಫೋಕಸ್ ಪುಲ್ಲರ್ (ಶಾಟ್ ನಡೆಯುವಾಗ ಲೆನ್ಸಿನ ಫೋಕಸ್ ಹೊಂದಿಸುವವನು) ಆಗುವಷ್ಟು ಕಲಿತವರು ನಮ್ಮ ಯೂನಿಟ್ಟಿನಲ್ಲಿಯೇ ಇದ್ದಾರೆ. ಮೊದಲ ಸಲ ಯಾರ ಪರಿಚಯದಿಂದಲಾದರೂ ಸೆಟ್ಟಿನೊಳಗೆ ಬರಬಹುದು. ಎರಡನೆಯ ಸಲ ಫೋನ್ ಬರುವುದು, ಹನ್ನೆರಡು ಗಂಟೆಯ ಶಿಫ್ಟಿನ ಕೊನೆಯಲ್ಲಿಯೂ ಕರೆದಾಗ ಪಕ್ಕದಲ್ಲಿದ್ದವನಿಗೆ ಮಾತ್ರ.

ಅವನು ಛಾಯಾಗ್ರಾಹಕ ವಿ.ಕೆ. ಮೂರ್ತಿಯವರ ಹೆಸರೆತ್ತಿದಾಗ ನನಗೆ ತುಂಬಾ ಸಂತೋಷವಾಯಿತು. ಮೈಸೂರಿನ ಮೂರ್ತಿಯವರು 1946ರಲ್ಲಿ ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣದ ಡಿಪ್ಲೊಮಾ ಮುಗಿಸಿ ಈ ಊರಿಗೆ ಬಂದವರು. ನಿರ್ದೇಶಕ ಗುರುದತ್ತರ ಮೊದಲ ಚಿತ್ರದಲ್ಲಿಯೂ ಅವರು ಸಹಾಯಕರೇ ಆಗಿದ್ದರು. ಅಲ್ಲಿ ಅವರು ತೆಗೆದ ಒಂದು ಶಾಟ್ ಗುರುದತ್ತರಿಗೆ ಮೆಚ್ಚುಗೆಯಾಗಿ, 1952ರ 'ಜಾಲ್' ಚಿತ್ರದ ಛಾಯಾಗ್ರಹಣವನ್ನು ಅವರಿಗೇ ಒಪ್ಪಿಸಿದರು. ಹುಡುಗನ ಕಣ್ಣು ಆ ಶಾಟ್‌ನ ಮೇಲೆಯೇ ಇತ್ತು. ನನ್ನ ಮನಸ್ಸು ಮಾತ್ರ ಅದಕ್ಕಿಂತ ಹಿಂದಿನ ವರ್ಷಗಳಲ್ಲಿ ನಿಂತುಬಿಟ್ಟಿತು. ಅವರು ಎಲ್ಲಿ ಉಣ್ಣುತ್ತಿದ್ದರು, ಬಾಡಿಗೆಯನ್ನು ಹೇಗೆ ಹೊಂದಿಸುತ್ತಿದ್ದರು?

ನನ್ನನ್ನು ಕಾಡುತ್ತಿರುವುದು ಇದೇ. ಧಾರಾವಾಹಿಗಳಲ್ಲಿ ದುಡಿದ ಹಣ ಕೈಸೇರುವುದು ಸಾಮಾನ್ಯವಾಗಿ 90 ದಿನಗಳ ನಂತರ, ಕೆಲವೊಮ್ಮೆ ಅದಕ್ಕೂ ತಡವಾಗಿ. ಸೆಟ್ಟಿನಲ್ಲಿ ಊಟ ಸಿಗುತ್ತದೆ, ಆದರೆ ಕೋಣೆಯ ಬಾಡಿಗೆ ಪ್ರತಿ ತಿಂಗಳೂ ಕೊಡಬೇಕು. ಹಣ ಬಾರದೇ ಹೋದರೆ ಸಂಘಕ್ಕೆ ದೂರು ಕೊಡಬಹುದೆಂದರೂ ಹೊಸಬನ ಬಳಿ ಸದಸ್ಯತ್ವವೇ ಇರುವುದಿಲ್ಲ. ಹೀಗಿರುವಾಗ ಇಲ್ಲಿ ಯಾರು ಉಳಿಯುತ್ತಾರೆಂಬುದನ್ನು ಪ್ರತಿಭೆಗಿಂತ ಮೊದಲು, ಮನೆಯವರು ಎಷ್ಟು ತಿಂಗಳು ಹಣ ಕಳಿಸಬಲ್ಲರು ಎಂಬುದೇ ನಿರ್ಧರಿಸುತ್ತದೆ. ನಾನು ಉಳಿದದ್ದು ಡೊಂಬಿವಲಿಯಲ್ಲಿ ಸೋದರಮಾವನ ಮನೆಯಿದ್ದುದರಿಂದ. ನನ್ನೊಂದಿಗೆ ಕೆಲಸಕ್ಕೆ ಸೇರಿದ್ದ, ಕಂಟಿನ್ಯುಟಿಯಲ್ಲಿ, ಅಂದರೆ ಒಂದು ಶಾಟ್‌ನಿಂದ ಇನ್ನೊಂದಕ್ಕೆ ಉಡುಪು, ವಸ್ತುಗಳು ಬದಲಾಗದಂತೆ ನೋಡಿಕೊಳ್ಳುವುದರಲ್ಲಿ, ನನಗಿಂತ ಎಷ್ಟೋ ಚುರುಕಾಗಿದ್ದ ಗೆಳತಿ ಸೊಲ್ಲಾಪುರಕ್ಕೆ ಹಿಂದಿರುಗಿದಳು. ಇದು ಅನ್ಯಾಯ.

ರಾತ್ರಿ ಹುಡುಗನ ತಂದೆ ಫೋನ್ ಮಾಡಿ, "ಎಷ್ಟು ತಿಂಗಳ ರೊಕ್ಕ ಕಳಿಸಬೇಕಾಗತದವಾ?" ಎಂದು ಬಹಳ ಸಂಕೋಚದಿಂದ ಕೇಳಿದರು. ಬಿತ್ತನೆಯ ಖರ್ಚಿನ ಕಾಲ. ಆರು ತಿಂಗಳೆಂದು ಹೇಳಲು ಬಾಯಿ ಬರಲಿಲ್ಲ, ವಿಚಾರಿಸಿ ತಿಳಿಸುವೆನೆಂದೆ. ನಾಳೆ ನಮ್ಮ ಸೆಟ್ಟಿಗೆ ಕ್ಯಾಮೆರಾ ಕಳಿಸುವ ಅಂಗಡಿಯವರನ್ನು ಕೇಳಬೇಕು. ಅವರು ಅಟೆಂಡೆಂಟ್‌ಗಳಿಗೆ ತಿಂಗಳ ಸಂಬಳ ಕೊಡುವುದಾದರೆ, ಅದು ಎಷ್ಟೇ ಕಡಿಮೆಯಿದ್ದರೂ ಬಾಡಿಗೆಗಾದರೂ ಸಾಕಾಗುವಂತಿದ್ದರೆ, ಆಗ ಆ ತಂದೆಗೆ ಧೈರ್ಯವಾಗಿ ಉತ್ತರ ಹೇಳಬಹುದು.